ಯೆಹೋವನ ಸಭೆಯಲ್ಲಿ ಇದ್ದವರು ಯಾರು?

ಹಳೆ ಒಡಂಬಡಿಕೆಯ (ಬೈಬಲ್ಲಿನ ಮೊದಲ ಭಾಗ) ಕಾಲದ ಇಸ್ರೇಲ್ ಜನ ತಮ್ಮ ದೇವರಾದ ಯೆಹೋವನನ್ನು ಮಾತ್ರ ಪೂಜಿಸಬೇಕಿತ್ತು. ಅದು ಎಲ್ಲರಿಗೂ ಗೊತ್ತು. ಆದರೆ ಬೇರೆ ದೇವರುಗಳು ಇಲ್ಲವೇ ಇಲ್ಲ ಅಂತ ಅವರು ನಂಬಿದ್ದರೇ? ಅಥವಾ 'ಇದ್ದಾರೆ, ಆದರೆ ನಮಗೆ ಬೇಡ' ಅಂತಲೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಮನಸ್ಸು ಯಾವ ಕಡೆ ವಾಲಿದೆ ಅಂತ ನಿಮಗೆ ಓದುತ್ತಾ ಗೊತ್ತಾದರೆ ಬೇಜಾರಿಲ್ಲ.

ಪರ: ಬೇರೆ ದೇವರುಗಳು ಇದ್ದರು, ಕೈಕೆಳಗೆ ಇದ್ದರು

ಕನ್ನಡ ಬೈಬಲ್ಲಿನ ಮೊದಲ ಸಾಲು ನೋಡಿ. 'ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.' ದೇವರು... ಮಾಡಿದನು! ಶಾಲೆಯಲ್ಲಿ ಹೀಗೆ ಬರೆದಿದ್ದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದರು. ತಮಾಷೆ ಏನಂದರೆ ಹೀಬ್ರೂ ಮೂಲದಲ್ಲೂ ಹೀಗೇ ಇದೆ. ದೇವರು ಅನ್ನುವುದಕ್ಕೆ ಅಲ್ಲಿರುವ ಪದ 'ಎಲೋಹಿಮ್' ರೂಪದಲ್ಲಿ ಬಹುವಚನ, ಅದರ ಕ್ರಿಯಾಪದ ಏಕವಚನ.

ಬೈಬಲ್ಲಿನ ಹಾಡುಗಳ ಪುಸ್ತಕದ 82ನೇ ಕೀರ್ತನೆಯ ಮೊದಲ ವಚನದಲ್ಲಿ ಈ ಪದ ಎರಡು ಸಲ ಬರುತ್ತದೆ. ಎಲೋಹಿಮ್ ದೇವಸಭೆಯಲ್ಲಿ ನಿಂತಿದ್ದಾನೆ, ಎಲೋಹಿಮ್‌ಗಳ ನಡುವೆ ನ್ಯಾಯ ತೀರಿಸುತ್ತಿದ್ದಾನೆ. 'ನಡುವೆ' ಅನ್ನಬೇಕಾದರೆ ಸುತ್ತ ಒಂದಷ್ಟು ಜನ ಇರಲೇಬೇಕು, ಅಲ್ವಾ? ಅವರು ಮನುಷ್ಯ ನ್ಯಾಯಾಧಿಪತಿಗಳು ಅಂತ ಕೆಲವರು ಹೇಳುತ್ತಾರೆ. ಹಾಗಾದರೆ 7ನೇ ವಚನ ಓದಿ. ನೀವು ಪರಾತ್ಪರನ ಮಕ್ಕಳಾಗಿದ್ದರೂ ಮನುಷ್ಯರಂತೆ ಸಾಯುತ್ತೀರಿ ಅಂತ ಅವರಿಗೆ ಶಿಕ್ಷೆ. ಮನುಷ್ಯನಿಗೆ 'ನೀನು ಮನುಷ್ಯನಂತೆ ಸಾಯುತ್ತೀಯ' ಅಂದರೆ ಅದೆಂಥ ಶಿಕ್ಷೆ?

ಇದಕ್ಕಿಂತ ಗಟ್ಟಿ ಸಾಕ್ಷಿ ಧರ್ಮೋಪದೇಶಕಾಂಡದ 32ನೇ ಅಧ್ಯಾಯದಲ್ಲಿದೆ. ಅದು ಮೋಶೆಯ ಹಾಡು. ಪರಾತ್ಪರನು ಜನಾಂಗಗಳಿಗೆ ಭೂಮಿ ಹಂಚಿ ಗಡಿ ಹಾಕಿದ ಕತೆ 8ನೇ ವಚನದಲ್ಲಿದೆ. ಯಾವ ಲೆಕ್ಕದಲ್ಲಿ ಹಾಕಿದ? ಯೆಹೂದ್ಯರು ಕಾಪಾಡಿಕೊಂಡು ಬಂದ ಹೀಬ್ರೂ ಪಠ್ಯದಲ್ಲಿ 'ಇಸ್ರೇಲನ ಮಕ್ಕಳ ಲೆಕ್ಕದಲ್ಲಿ' ಅಂತಿದೆ. ಇದರಲ್ಲೊಂದು ತೊಡಕು ಇದೆ. ಜನಾಂಗಗಳು ಹಂಚಿಹೋದ ಕಾಲಕ್ಕೆ ಇಸ್ರೇಲ್ ಅನ್ನುವವನು (ಈ ಜನರ ಮೂಲಪುರುಷ ಯಾಕೋಬನ ಇನ್ನೊಂದು ಹೆಸರು) ಹುಟ್ಟೇ ಇರಲಿಲ್ಲ. ಹುಟ್ಟದವನ ಮಕ್ಕಳನ್ನು ಎಣಿಸಿ ಊರಿಗೆಲ್ಲ ಗಡಿ ಹಾಕುವುದು ಹೇಗೆ? ಹಳೆಯ ಗ್ರೀಕ್ ಅನುವಾದದ ಹೆಚ್ಚಿನ ಪ್ರತಿಗಳಲ್ಲಿ ಅದೇ ಜಾಗದಲ್ಲಿ 'ದೇವದೂತರು' ಅಂತಿದೆ. ಅನುವಾದಕರು ಕೈಯಾಡಿಸಿದ್ದಾರೆ ಅಂತ ಅಂದುಕೊಳ್ಳಬಹುದಿತ್ತು. ಆದರೆ 1952ರಲ್ಲಿ ಮೃತ ಸಮುದ್ರದ ಪಕ್ಕದ ಕುಮ್ರಾನಿನಲ್ಲಿ ಹಳೆಯ ಹೀಬ್ರೂ ಸುರುಳಿಗಳಿದ್ದ 4ನೇ ಗುಹೆ ಸಿಕ್ಕಿತು. ಅಲ್ಲಿನ ಒಂದು ತುಣುಕಿನಲ್ಲಿ ಈ ವಚನ ಉಳಿದಿದೆ. ಹೀಬ್ರೂ ಪಠ್ಯದ ನಮ್ಮ ಹಳೆಯ ಪೂರ್ಣ ಪ್ರತಿ ಕ್ರಿ.ಶ. 1008ರ ಸುಮಾರಿನದು. ಈ ತುಣುಕು ಅದಕ್ಕಿಂತ ಸುಮಾರು 1000 ವರ್ಷ ಹಳೆಯದು. ಅದರಲ್ಲಿ ಇರುವುದು 'ದೇವರ ಮಕ್ಕಳು'.

ಈಗ ಮುಂದಿನ ವಚನಕ್ಕೆ ಅರ್ಥ ಬರುತ್ತದೆ. ಯೆಹೋವನ ಪಾಲಿಗೆ ಬಂದದ್ದು ಯಾಕೋಬನ ಜನ. ಉಳಿದ ಜನಾಂಗಗಳಿಗೆ ಒಬ್ಬೊಬ್ಬ ದೇವಪುತ್ರ. ಆದಿಕಾಂಡದ 10ನೇ ಅಧ್ಯಾಯದ ಜನಾಂಗಗಳನ್ನು ಎಣಿಸಿದರೆ 70. ಸಿರಿಯಾದ ಕಡಲತೀರದಲ್ಲಿ ಉಗರಿತ್ ಅನ್ನುವ ಹಾಳೂರಿದೆ. ಅಲ್ಲಿ 1929ರಿಂದ ಅಗೆದು ತೆಗೆದ ಮಣ್ಣಿನ ಹಲಗೆಗಳಲ್ಲಿ ಕಾನಾನ್ಯರ ದೇವರ ಕತೆಗಳಿವೆ. ಅಲ್ಲಿ ಅಥಿರತ್ ದೇವಿಗೆ ಎಷ್ಟು ಮಕ್ಕಳು ಗೊತ್ತಾ? 70. ಇದು ಸುಮ್ನೆ ಬಂದ ಸಂಖ್ಯೆ ಅಂತ ನನಗೆ ಅನ್ನಿಸುವುದಿಲ್ಲ.

ಇಂಥ ಸಭೆಯನ್ನು ಕಣ್ಣಾರೆ ಕಂಡೆ ಅಂದ ಪ್ರವಾದಿಯೂ ಇದ್ದಾನೆ. ಹೆಸರು ಮೀಕಾಯೆಹು. ಕತೆ ಒಂದನೆಯ ಅರಸುಗಳ ಪುಸ್ತಕದ 22ನೇ ಅಧ್ಯಾಯದಲ್ಲಿದೆ. ಯೆಹೋವ ಸಿಂಹಾಸನದ ಮೇಲೆ, ಎಡಕ್ಕೂ ಬಲಕ್ಕೂ ಆಕಾಶದ ಸೈನ್ಯ. ಇಸ್ರೇಲಿನ ಅರಸ ಅಹಾಬನನ್ನು ಯುದ್ಧಕ್ಕೆ ಎಳೆದು ಕೆಡವುವವರು ಯಾರು ಅಂತ ಪ್ರಶ್ನೆ ಬರುತ್ತದೆ. ಒಬ್ಬ ಒಂದು ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು ಹೇಳುತ್ತಾನೆ. ಥೇಟ್ ಪಂಚಾಯಿತಿ ಮೀಟಿಂಗು. ಕೊನೆಗೆ ಒಂದು ಆತ್ಮ ಮುಂದೆ ಬಂದು, ಅವನ ಪ್ರವಾದಿಗಳ ಬಾಯಲ್ಲಿ ಸುಳ್ಳಾಗಿ ಕೂರುತ್ತೇನೆ ಅನ್ನುತ್ತದೆ. ಹೋಗು, ನಿನ್ನಿಂದ ಆಗುತ್ತದೆ ಅಂತ ಅಪ್ಪಣೆಯಾಗುತ್ತದೆ. ಇಲ್ಲಿ ದೇವರು ಒಬ್ಬಂಟಿಯಾಗಿಲ್ಲ.

ಬೇರೆ ದೇಶದ ದೇವರಿಗೂ ಬಲ ಇತ್ತು. ಎರಡನೆಯ ಅರಸುಗಳು, 3ನೇ ಅಧ್ಯಾಯ. ಇಸ್ರೇಲಿನ ನೆರೆಯ ಮೋವಾಬ್ ನಾಡಿನ ಅರಸ ಮೇಷ, ಇಸ್ರೇಲಿನ ಸೈನ್ಯಕ್ಕೆ ಸೋಲುವ ಹಂತಕ್ಕೆ ಬಂದು ತನ್ನ ಹಿರಿಮಗನನ್ನು ಕೋಟೆಗೋಡೆಯ ಮೇಲೆ ಬಲಿ ಕೊಡುತ್ತಾನೆ. ಇಸ್ರೇಲಿನ ಮೇಲೆ ಭಾರಿ ರೋಷ ಬರುತ್ತದೆ. ಗೆಲ್ಲುತ್ತಿದ್ದ ಸೈನ್ಯ ಗಂಟುಮೂಟೆ ಕಟ್ಟಿ ವಾಪಸ್ಸು. ಯಾರ ರೋಷ? ಇದೇ ಮೇಷ ಕೆತ್ತಿಸಿದ ಕಲ್ಲು 1868ರಲ್ಲಿ ಈಗಿನ ಜೋರ್ಡಾನಿನಲ್ಲಿ ಸಿಕ್ಕಿತು, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಮೋವಾಬ್ಯರ ದೇವರು ಕೆಮೋಷನಿಗೆ ತನ್ನ ನಾಡಿನ ಮೇಲೆ ಸಿಟ್ಟು ಬಂದದ್ದೇ ಹಿಂದಿನ ಸೋಲಿಗೆ ಕಾರಣ ಅಂತ ಅದರಲ್ಲಿದೆ. ಎರಡೂ ಕಡೆಯವರು ಒಂದೇ ಭಾಷೆ ಮಾತಾಡುತ್ತಿದ್ದಾರೆ.

ಪ್ರವಾದಿ ಯೆಶಾಯನ ಪುಸ್ತಕದಲ್ಲಿ ಯೆಹೋವ 'ನನ್ನ ಹೊರತು ಯಾರೂ ಇಲ್ಲ' ಅನ್ನುತ್ತಾನಲ್ಲ ಅಂತ ಕೇಳುವಿರಿ. ಅದೇ ಪುಸ್ತಕದ 47ನೇ ಅಧ್ಯಾಯದಲ್ಲಿ ಬಾಬೆಲ್ (ಬ್ಯಾಬಿಲೋನ್) ನಗರವೂ 'ನಾನೇ, ನನ್ನ ಹೊರತು ಯಾರೂ ಇಲ್ಲ' ಅನ್ನುತ್ತಾಳೆ. ಜಗತ್ತಿನಲ್ಲಿ ಬೇರೆ ಊರೇ ಇಲ್ಲ ಅಂತ ಅವಳು ಹೇಳಿದಳೇ? ನನಗೆ ಸಾಟಿ ಇಲ್ಲ ಅಂದಳು, ಅಷ್ಟೇ.

ವಿರೋಧ: ಗುಂಪು ಇತ್ತು, ದೇವರುಗಳು ಇರಲಿಲ್ಲ

ಮೊದಲು ಒಪ್ಪಬೇಕಾದದ್ದನ್ನು ಒಪ್ಪಿಬಿಡೋಣ. ಕುಮ್ರಾನಿನ ತುಣುಕು ಹೇಳುವುದೇ ಸರಿ. 82ನೇ ಕೀರ್ತನೆಯವರು ಮನುಷ್ಯರಲ್ಲ. ಕಾಣದ ಲೋಕದಲ್ಲಿ ಗುಂಪು ಇತ್ತು. ಜಗಳ ಇರುವುದು ಆ ಗುಂಪನ್ನು 'ದೇವರುಗಳು' ಅಂತ ಕರೆಯುವುದರಲ್ಲಿ.

ಸತ್ತವರನ್ನು ಎಬ್ಬಿಸಿ ಮಾತಾಡಿಸುವ ಏಂದೋರಿನ ಹೆಂಗಸಿನ ಕತೆ ನೆನಪಿಸಿಕೊಳ್ಳಿ. ಒಂದನೆಯ ಸಮುವೇಲ, 28ನೇ ಅಧ್ಯಾಯ. ಇಸ್ರೇಲಿನ ಅರಸ ಸೌಲ ರಾತ್ರಿ ವೇಷ ಮರೆಸಿಕೊಂಡು ಅವಳ ಮನೆಗೆ ಬರುತ್ತಾನೆ. ಸತ್ತ ಸಮುವೇಲನನ್ನು ಎಬ್ಬಿಸು ಅನ್ನುತ್ತಾನೆ. ಅವಳಿಗೆ ಏನೋ ಕಾಣುತ್ತದೆ, ಕಿರುಚುತ್ತಾಳೆ. ಏನು ಕಂಡೆ ಅಂದರೆ, ಭೂಮಿಯೊಳಗಿಂದ ಎಲೋಹಿಮ್ ಮೇಲೇರಿ ಬರುವುದು ಕಂಡೆ ಅನ್ನುತ್ತಾಳೆ. ಬಂದವನು ನಿಲುವಂಗಿ ಹೊದ್ದ ಒಬ್ಬ ಮುದುಕ, ಸತ್ತ ಪ್ರವಾದಿ. ಅವನನ್ನು ದೇವರು ಅಂತ ಯಾರೂ ಅಂದುಕೊಳ್ಳಲಿಲ್ಲ. ಅಂದರೆ ಎಲೋಹಿಮ್ ಅನ್ನುವುದು ಕಾಣದ ಲೋಕದವರಿಗೆಲ್ಲ ಹೇಳುವ ಹೆಸರು. ಊರಿನ ಹೆಸರಿದ್ದ ಹಾಗೆ, ಪದವಿಯ ಹೆಸರಲ್ಲ. ಕನ್ನಡದಲ್ಲೂ ದೇವ, ದೆವ್ವ ಅಕ್ಕಪಕ್ಕದ ಮನೆಯವರೇ. ಹಾಗಂತ ದೆವ್ವಕ್ಕೆ ಹೆದರುವವನು ಅದನ್ನು ದೇವರು ಅಂತ ನಂಬಿದ್ದಾನೆ ಅನ್ನುವುದಿಲ್ಲ ತಾನೇ? ಮೋಶೆಯ ಹಾಡೇ 17ನೇ ವಚನದಲ್ಲಿ ಜನ ಬಲಿ ಕೊಟ್ಟದ್ದು 'ಶೇದೀಮ್'ಗಳಿಗೆ, ದೇವರಲ್ಲದವರಿಗೆ ಅನ್ನುತ್ತದೆ. ಅಕ್ಕಾಡಿಯನ್ ಭಾಷೆಯಲ್ಲಿ 'ಶೇದು' ಅಂದರೆ ಬಾಗಿಲು ಕಾಯುವಂಥ ರಕ್ಷಕ ಶಕ್ತಿ. ಬಾಗಿಲು ಕಾಯುವವನಿಗೇ ಪೂಜೆ ಮಾಡಿಬಿಟ್ಟರಲ್ಲ ಅನ್ನುವ ಕೊಂಕು ಅದರಲ್ಲಿ ಕೇಳಿಸುತ್ತದೆ.

ಪರ ವಾದಿಸಿದವರು ಉಗರಿತ್ ಬಗ್ಗೆ ಹೇಳುವಾಗ 70 ಅನ್ನುವ ಸಂಖ್ಯೆಯನ್ನು ಹಿಡಿದರು, ಮಿಕ್ಕಿದ್ದನ್ನು ಬಿಟ್ಟರು. ಅಲ್ಲಿ ದೇವರ ಮಕ್ಕಳು ಹುಟ್ಟುತ್ತಾರೆ. ಮಳೆ ಗುಡುಗಿನ ದೇವರು ಬಾಳನು ಸಮುದ್ರದ ದೇವರೊಂದಿಗೆ ಹೊಡೆದಾಡಿ ಗೆಲ್ಲುತ್ತಾನೆ, ಸಾವಿನ ದೇವರ ಬಾಯಿಗೆ ಬೀಳುತ್ತಾನೆ. ಅರಮನೆ ಕಟ್ಟಿಸಿಕೊಳ್ಳಲು ದೊಡ್ಡವರ ಒಪ್ಪಿಗೆಗೆ ಕಾಯುತ್ತಾನೆ. ಮೀಕಾಯೆಹು ಕಂಡ ಸಭೆಯಲ್ಲಿ ಇದ್ಯಾವುದೂ ಇಲ್ಲ. ಎಲ್ಲರೂ ಅಪ್ಪಣೆ ಕೇಳುವವರೇ. ಯೋಬನ ಕತೆಯಲ್ಲಿ ಆ ಭಕ್ತನನ್ನು ಪರೀಕ್ಷಿಸಲು ಬಂದ ಸೈತಾನ ಕೂಡ ಎಲ್ಲಿವರೆಗೆ ಕೈ ಹಾಕಬಹುದು ಅಂತ ಗೆರೆ ಹಾಕಿಸಿಕೊಂಡೇ ಹೊರಡುತ್ತಾನೆ. 148ನೇ ಕೀರ್ತನೆಯಂತೂ ದೂತರು, ಸೈನ್ಯ, ಸೂರ್ಯ, ಚಂದ್ರ ಎಲ್ಲವನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ, ಆತ ಅಪ್ಪಣೆ ಕೊಟ್ಟ, ಇವು ಉಂಟಾದವು ಅನ್ನುತ್ತದೆ.

ಮೇಷನ ಕತೆ ನನಗೂ ಕಷ್ಟದ್ದೇ. ಮುಚ್ಚಿಡುವುದಿಲ್ಲ. ಆದರೆ ರೋಷ ಯಾರದ್ದು ಅಂತ ಆ ವಚನ ಹೇಳುವುದಿಲ್ಲ. ಕೆಮೋಷನ ಹೆಸರೂ ಅಲ್ಲಿಲ್ಲ. ಹೇಳದ್ದನ್ನು ತುಂಬಿಕೊಂಡವರು ನಾವು. ಇನ್ನು ನ್ಯಾಯಸ್ಥಾಪಕರ ಪುಸ್ತಕದಲ್ಲಿ ಇಸ್ರೇಲಿನ ನಾಯಕ ಯೆಪ್ತಾಹನು 'ಕೆಮೋಷ ಕೊಟ್ಟದ್ದು ನಿನಗಿರಲಿ' ಅಂದದ್ದನ್ನು ಎತ್ತಿ ತೋರಿಸುವವರಿದ್ದಾರೆ. ಅವನು ಶತ್ರುವಿನ ಜೊತೆ ಚೌಕಾಸಿ ಮಾಡುತ್ತಿದ್ದ. ಅದರಲ್ಲೂ ಅಮ್ಮೋನ್ಯರ ಅರಸನಿಗೆ ಮೋವಾಬ್ಯರ ದೇವರ ಹೆಸರು ಹೇಳುತ್ತಾನೆ. ಅಮ್ಮೋನ್ಯರ ದೇವರು ಮಿಲ್ಕೋಮ್. ಪಾತ್ರಗಳು ಆಡಿದ ಮಾತನ್ನೆಲ್ಲ ಪುಸ್ತಕದ ನಂಬಿಕೆ ಅಂತ ಹಿಡಿದರೆ ಹೇಗೆ?

ಸಾಮಾನ್ಯ ಜನ ಬೇರೆ ದೇವರುಗಳನ್ನು ನಂಬಿದ್ದರು ಅನ್ನುವುದಕ್ಕೆ ನೆಲದಡಿಯ ಸಾಕ್ಷಿಯೂ ಇದೆ. 1975-76ರಲ್ಲಿ ಸಿನಾಯಿ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್‌ನಲ್ಲಿ ಅಗೆದಾಗ ಕ್ರಿ.ಪೂ. 8ನೇ ಶತಮಾನದ ಸುಮಾರಿನ ದೊಡ್ಡ ಜಾಡಿಗಳು ಸಿಕ್ಕವು. ಅವುಗಳ ಮೇಲೆ 'ಸಮಾರ್ಯದ ಯೆಹೋವ ಮತ್ತು ಅವನ ಅಶೇರ' ಅಂತ ಹರಸಿ ಬರೆದಿದ್ದಾರೆ. ಅಶೇರ ಅಂದರೆ ಒಬ್ಬ ದೇವಿ, ಇಲ್ಲವೇ ಅವಳ ಗುರುತಿನ ಕಂಬ. ಇದರಿಂದ ಪ್ರವಾದಿಗಳು ಸೋತರು ಅಂತಾಗುವುದಿಲ್ಲ. ಅವರು ಬೈಯುತ್ತಿದ್ದದ್ದೇ ಇದನ್ನು.

ಬೈಗುಳ ಅಂದರೆ ಯೆಶಾಯನ 44ನೇ ಅಧ್ಯಾಯ ಓದಬೇಕು. ನನಗೆ ಇಡೀ ಹಳೆ ಒಡಂಬಡಿಕೆಯಲ್ಲಿ ಇಷ್ಟು ನಗು ತರಿಸಿದ ಜಾಗ ಇನ್ನೊಂದಿಲ್ಲ. ಒಬ್ಬ ಮರ ಕಡಿಯುತ್ತಾನೆ. ಅರ್ಧ ಒಲೆಗೆ ಹಾಕಿ ರೊಟ್ಟಿ ಸುಡುತ್ತಾನೆ, ಮಾಂಸ ಬೇಯಿಸುತ್ತಾನೆ, ಹೊಟ್ಟೆ ತುಂಬ ತಿಂದು 'ಆಹಾ, ಬೆಚ್ಚಗಾಯಿತು' ಅನ್ನುತ್ತಾನೆ. ಮಿಕ್ಕ ಅರ್ಧಕ್ಕೆ ಕಣ್ಣು ಮೂಗು ಕೆತ್ತಿ 'ನನ್ನನ್ನು ಕಾಪಾಡಪ್ಪ' ಅಂತ ಅಡ್ಡ ಬೀಳುತ್ತಾನೆ. ಕೈಕೆಳಗಿನ ಒಬ್ಬ ಚಿಕ್ಕ ದೇವರ ಬಗ್ಗೆ ಹೀಗೆ ಬರೆಯುತ್ತಾರಾ? ಇದು 'ಇಲ್ಲ' ಅನ್ನುವವನ ನಗು. ಬಾಬೆಲಿನ ಜಂಬದ ಮಾತಿಗೂ ಉತ್ತರ ಇದೇ ಪುಸ್ತಕದಲ್ಲಿದೆ. 43ನೇ ಅಧ್ಯಾಯದಲ್ಲಿ, ನನಗಿಂತ ಮೊದಲು ಯಾವ ದೇವರೂ ಉಂಟಾಗಲಿಲ್ಲ, ನನ್ನ ನಂತರವೂ ಇರುವುದಿಲ್ಲ ಅಂತಿದೆ. ನನಗಿಂತ ಮೊದಲು ಊರೇ ಇರಲಿಲ್ಲ ಅಂತ ಬಾಬೆಲ್ ಹೇಳಲಿಲ್ಲವಲ್ಲ.

ಕೊನೆಗೆ ಮತ್ತೆ 82ನೇ ಕೀರ್ತನೆ. ಪರ ವಾದಿಸಿದವರು 7ನೇ ವಚನಕ್ಕೆ ಓದು ನಿಲ್ಲಿಸಿದರು. ಇನ್ನೊಂದೇ ವಚನ ಇತ್ತು. ದೇವರೇ, ಎದ್ದು ಭೂಮಿಗೆ ನ್ಯಾಯ ತೀರಿಸು, ಎಲ್ಲ ಜನಾಂಗಗಳೂ ನಿನ್ನ ಸ್ವತ್ತು ಅಂತ. ಮೋಶೆಯ ಹಾಡಿನಲ್ಲಿ ದೇವಪುತ್ರರ ಲೆಕ್ಕಕ್ಕೆ ಹಂಚಿದ್ದ ಆ ಜನಾಂಗಗಳನ್ನೇ ಕವಿ ಇಲ್ಲಿ ಒಂದೊಂದಾಗಿ ಅಲ್ಲ, ಒಟ್ಟಿಗೇ ವಾಪಸ್ಸು ತೆಗೆದುಕೋ ಅನ್ನುತ್ತಿದ್ದಾನೆ.