ಈ ವಯಸ್ಸಿಗೆ ಸೈಕಲ್ ಸಾಕು ಅಂತೆ!

ಬೆಳಿಗ್ಗೆ ಜಿಮ್‌ನಿಂದ ಬಂದಾಗಿನಿಂದ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿದೆ. ಬರೆಯದೆ ಇದ್ದರೆ ಸಮಾಧಾನ ಆಗಲ್ಲ.

65ರ ಆಸುಪಾಸಿನ ಒಬ್ಬ ಹೆಂಗಸು ಎರಡು ವಾರದಿಂದ ಬರುತ್ತಿದ್ದಾರೆ. ಜಿಮ್ ಸೈಕಲ್ ಹತ್ತುತ್ತಾರೆ, ನಲವತ್ತು ನಿಮಿಷ ತುಳಿಯುತ್ತಾರೆ, ಬೆವರು ಒರೆಸಿಕೊಂಡು ಹೊರಡುತ್ತಾರೆ. ಇವತ್ತು ಸೈಕಲ್ ಇಳಿದವರು ಡಂಬಲ್ ಇಟ್ಟಿರುವ ಕಡೆ ಹೋದರು. ಸ್ವಲ್ಪ ಹೊತ್ತು ನೋಡಿ, ಎರಡು ಕೆಜಿಯ ಒಂದು ಜೋಡಿ ಕೈಗೆ ತಗೊಂಡರು. ಅಷ್ಟರಲ್ಲಿ ಟ್ರೇನರ್ ಹುಡುಗ ಬಂದ. "ಆಂಟಿ, ಈ ವಯಸ್ಸಿಗೆ ವೇಟ್ಸ್ ಎಲ್ಲ ಬೇಡ. ತೂಕ ಇಳೀಬೇಕು ತಾನೆ? ಸೈಕಲ್ ಸಾಕು. ಇನ್ನೊಂದು ಹತ್ತು ನಿಮಿಷ ಜಾಸ್ತಿ ತುಳೀರಿ." ಅವರು ಒಂದು ಮಾತೂ ಆಡಲಿಲ್ಲ. ಎರಡೂ ಡಂಬಲ್‌ಗಳನ್ನು ಎಲ್ಲಿದ್ದವೋ ಅಲ್ಲೇ, ಒಂದು ಚೂರೂ ಸದ್ದಾಗದ ಹಾಗೆ, ಬೇರೆಯವರ ಸಾಮಾನು ಮುಟ್ಟಿಬಿಟ್ಟೆ ಅನ್ನುವ ಹಾಗೆ ಇಟ್ಟು, ಮತ್ತೆ ಸೈಕಲ್ ಹತ್ತಿದರು.

ಅವರು ಹಾಗೆ ಇಟ್ಟಿದ್ದು ನೋಡಿ ನನಗೆ ತಡೆಯಲಾಗಲಿಲ್ಲ.

ಸೈಕಲ್ ಬಗ್ಗೆ ನನಗೆ ಎಷ್ಟು ಪ್ರೀತಿ ಅಂತ ಇಲ್ಲಿರುವವರಿಗೆಲ್ಲ ಗೊತ್ತು. 56ನೇ ವಯಸ್ಸಿನಲ್ಲಿ ಮತ್ತೆ ಸೈಕಲ್ ಹತ್ತಿದವಳು ನಾನು. ಮಂಡಿಗೆ ಓಟದಷ್ಟು ಪೆಟ್ಟು ಬೀಳಲ್ಲ, ಉಸಿರು ಬೆಳೆಯುತ್ತದೆ, ಮನಸ್ಸು ಹಗುರಾಗುತ್ತದೆ. ಫ್ರಾನ್ಸಿನ ರೋಬರ್ ಮಾರ್ಷಾನ್ ಅನ್ನುವ ಅಜ್ಜ 2017ರಲ್ಲಿ, ತಮ್ಮ 105ನೇ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 22.547 ಕಿಲೋಮೀಟರ್ ತುಳಿದರು. ಅವರ ಫೋಟೋ ನೋಡಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಹಾಗಾಗಿ ಸೈಕಲ್ ಬಿಡಿ ಅಂತ ನಾನು ಹೇಳುತ್ತಿಲ್ಲ. "ಸೈಕಲ್ ಸಾಕು" ಅನ್ನುತ್ತಾರಲ್ಲ, ನನ್ನ ಜಗಳ ಆ "ಸಾಕು" ಜೊತೆ.

ಯಾಕೆ ಅಂದರೆ ಆ ಮಾತು ನಂಬಿ ನಾನೇ ಒಂದೂವರೆ ವರ್ಷ ಕಳೆದಿದ್ದೇನೆ. ವಾರಕ್ಕೆ ಐದು ದಿನ ಬರೀ ಸೈಕಲ್, ಜೊತೆಗೆ ಊಟ ಕಡಿಮೆ. 11 ಕೆಜಿ ಇಳಿಯಿತು. ಆಗ ಇಲ್ಲೇ ಫೋಟೋ ಹಾಕಿದ್ದೆ, ನೀವೆಲ್ಲ ಎಷ್ಟು ಹೊಗಳಿದ್ದಿರಿ. ಆದರೆ ಆಗ ನಿಮಗೆ ಒಂದು ವಿಷಯ ಹೇಳಿರಲಿಲ್ಲ. ನೆಲದ ಮೇಲೆ ಕೂತರೆ ಕುರ್ಚಿ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಲು ಮಗನನ್ನು ಕರೆಯುತ್ತಿದ್ದೆ. ತೂಕದ ಮಷಿನ್‌ಗೆ ಇದೇನು ಗೊತ್ತು? ಕೊಬ್ಬು ಕರಗಿದರೂ ಅದರಲ್ಲಿ ಅಂಕಿ ಇಳಿಯುತ್ತದೆ, ಸ್ನಾಯು ಕರಗಿದರೂ ಇಳಿಯುತ್ತದೆ. ನಾನು ಅಂಕಿ ನೋಡಿ ಖುಷಿಪಡುತ್ತಿದ್ದೆ.

ವಯಸ್ಸಾಗುತ್ತಾ ಸ್ನಾಯು ತಾನಾಗಿಯೇ ಸವೆಯುತ್ತದೆ. ಅದಕ್ಕೆ ಸಾರ್ಕೋಪೀನಿಯ ಅಂತ ಹೆಸರಿದೆ, 1989ರಲ್ಲಿ ಅರ್ವಿನ್ ರೋಸೆನ್‌ಬರ್ಗ್ ಇಟ್ಟ ಹೆಸರು. ಮೊದಲೇ ಸವೆಯುತ್ತಿರುವಾಗ ತೂಕ ಇಳಿಸಲು ಹೊರಟರೆ ಇರುವುದರಲ್ಲೂ ಒಂದಿಷ್ಟು ಹೋಗುತ್ತದೆ. ಭಾರ ಎತ್ತುವುದು ಅದನ್ನು ತಡೆಯುವುದಕ್ಕೆ.

2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 65 ದಾಟಿದ, ತೂಕ ತುಂಬಾ ಜಾಸ್ತಿ ಇದ್ದ 160 ಜನ. ತೂಕ ಇಳಿಸುವ ಊಟದ ಜೊತೆಗೆ ಒಂದು ಗುಂಪಿಗೆ ಬರೀ ಏರೋಬಿಕ್ ವ್ಯಾಯಾಮ (ಸೈಕಲ್, ನಡಿಗೆಯಂಥ ಉಸಿರು ಏರಿಸುವ ವ್ಯಾಯಾಮ), ಇನ್ನೊಂದಕ್ಕೆ ಬರೀ ಭಾರ, ಮತ್ತೊಂದಕ್ಕೆ ಎರಡೂ. ಆರು ತಿಂಗಳಲ್ಲಿ ಮೂರೂ ಗುಂಪಿನ ತೂಕ ಸುಮಾರು ಶೇ 9ರಷ್ಟು ಇಳಿಯಿತು. ಮಷಿನ್ ಮೇಲೆ ಎಲ್ಲರೂ ಒಂದೇ ನೋಡಿ! ಆದರೆ ಕೊಬ್ಬು ಬಿಟ್ಟು ಉಳಿದ ಮೈತೂಕ ಬರೀ ಏರೋಬಿಕ್ ಗುಂಪಿನಲ್ಲಿ ಶೇ 5ರಷ್ಟು ಹೋಗಿತ್ತು, ಎರಡೂ ಮಾಡಿದವರಲ್ಲಿ ಶೇ 3. ಸೊಂಟದ ಮೂಳೆಯ ಸಾಂದ್ರತೆ ಅಲ್ಲಿ ಶೇ 3ರಷ್ಟು ಕಡಿಮೆಯಾಗಿತ್ತು, ಇಲ್ಲಿ ಶೇ 1. ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು, ಇದರಲ್ಲೆಲ್ಲ ಹೆಚ್ಚು ಸುಧಾರಿಸಿದವರು ಎರಡೂ ಮಾಡಿದವರೇ.

ಸೊಂಟದ ಮೂಳೆ ಅಂದೆ. ಅಮ್ಮ ಬಿದ್ದು ಅದನ್ನೇ ಮುರಿದುಕೊಂಡಿದ್ದು. ಆಗ ಅವರಿಗೆ 71. ಜೀವನಪೂರ್ತಿ ತೆಳ್ಳಗಿದ್ದವರು, "ನಿಮಗೇನಮ್ಮ, ಆರೋಗ್ಯವಾಗಿದ್ದೀರಿ" ಅಂತ ಎಲ್ಲರ ಕೈಲೂ ಅನ್ನಿಸಿಕೊಂಡವರು. ಆಸ್ಪತ್ರೆಯಲ್ಲಿ ಅವರಿಗೆ ಮಗ್ಗುಲು ಬದಲಿಸುವಾಗ ಅವರ ತೊಡೆ ನನ್ನ ಎರಡು ಕೈಯ ಹಿಡಿಯೊಳಗೆ ಸಿಕ್ಕಿತು. ಆ ತೊಡೆ ಇನ್ನೂ ನನ್ನ ಕೈಗೆ ನೆನಪಿದೆ. ಅದಕ್ಕೇ "ಈ ವಯಸ್ಸಿಗೆ ಬೇಡ" ಅಂದರೆ ನನಗೆ ಇಷ್ಟು ಸಿಟ್ಟು ಬರುತ್ತದೆ. ಈ ವಯಸ್ಸಿಗೇ ಅಲ್ವಾ ಬೇಕಾಗಿರುವುದು?

"ಪೆಟ್ಟಾದರೆ?" ಅನ್ನುತ್ತಾರೆ. ಬಿಪಿ, ಹೃದಯ, ಕೀಲಿನ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು, ಒಪ್ಪುತ್ತೇನೆ. ಎತ್ತುವಾಗ ಉಸಿರು ಕಟ್ಟಬಾರದು, ಬಿಪಿ ಏರುತ್ತದೆ. ಆದರೆ ಹೆದರಿಸಿ ವಾಪಸ್ ಕಳಿಸುವುದು ಬೇರೆ, ಸರಿಯಾಗಿ ಹೇಳಿಕೊಡುವುದು ಬೇರೆ. 1990ರಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 90 ವರ್ಷದ, ಆರೈಕೆ ಕೇಂದ್ರದಲ್ಲಿದ್ದ ದುರ್ಬಲ ವೃದ್ಧರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆತನಕ ಮಾಡಿದ 9 ಜನರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಆಗುವುದು ಅರವತ್ತೈದರಲ್ಲಿ ಆಗಲ್ವಾ?

ಜಿಮ್‌ನಲ್ಲಿ ಇನ್ನೊಂದು ಮಾತೂ ಕೇಳುತ್ತೇನೆ. ಸೈಕಲ್ ಜಾಸ್ತಿ ತುಳಿದರೆ ಭಾರ ಎತ್ತಿದ್ದೆಲ್ಲ ದಂಡ, ಒಂದಕ್ಕೊಂದು ಅಡ್ಡ ಅಂತ. 1980ರಲ್ಲಿ ಹಿಕ್ಸನ್ ಅನ್ನುವ ಸಂಶೋಧಕರು ಅದನ್ನು ತೋರಿಸಿದ್ದು ನಿಜ. ಆದರೆ ಅಲ್ಲಿ ವಾರಕ್ಕೆ 5 ದಿನ ಭಾರ, 6 ದಿನ ಸೈಕಲ್ ಮತ್ತು ಓಟ, ಅದೂ ದಮ್ಮು ಕಟ್ಟುವಷ್ಟು. ನಮ್ಮಂಥವರು ಯಾರು ಹಾಗೆ ಮಾಡುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಹದವಾದ ವ್ಯಾಯಾಮ, ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ. 65 ದಾಟಿದವರಿಗೂ ಇದೇ, ಜೊತೆಗೆ ಬ್ಯಾಲೆನ್ಸ್ ಅಭ್ಯಾಸವನ್ನೂ ಸೇರಿಸಿದ್ದಾರೆ. ಕಡಿಮೆ ಅಂತೂ ಮಾಡಿಲ್ಲ.

ನಾನು ಮಾಡುವುದು ಇಷ್ಟೇ. ಮೂರು ದಿನ ಸೈಕಲ್, ಎರಡು ದಿನ ಜಿಮ್. ಆ ಎರಡು ದಿನದ ನಡುವೆ ಬಿಡುವು ಇರಬೇಕು. ಕುರ್ಚಿಯಿಂದ ಕೂತು ಏಳುವುದರಿಂದ ಶುರು ಮಾಡಿದೆ. ಆಮೇಲೆ ಲೆಗ್ ಪ್ರೆಸ್ (ಕೂತು ಕಾಲಿನಿಂದ ಭಾರ ತಳ್ಳುವ ಮಷಿನ್), ಕೈಯಿಂದ ಭಾರ ಎಳೆಯುವುದು, ತಳ್ಳುವುದು. ಸೈಕಲ್ಲಿನ ಸೀಟು ಮಾತ್ರ ದಯವಿಟ್ಟು ನೋಡಿಕೊಳ್ಳಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ಎಷ್ಟೋ ಜನ ಅದನ್ನು ವಯಸ್ಸಿನ ನೋವು ಅಂದುಕೊಂಡು ಸೈಕಲ್ಲೇ ಬಿಡುತ್ತಾರೆ.

ಅವಸರ ಬೇಡ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದು ಗಂಟೆ ಹದವಾಗಿ ತುಳಿದರೆ ಹೆಚ್ಚುಕಡಿಮೆ 400-500 ಹೋಗಬಹುದು. ಊಟದ ಕಡೆ ಗಮನ ಇಲ್ಲದಿದ್ದರೆ ಅದೂ ವಾಪಸ್ ಬರುತ್ತದೆ. ಜಿಮ್ ಶುರು ಮಾಡಿದ ಮೊದಲ ತಿಂಗಳು ನನ್ನ ತೂಕ ಇಳಿಯಲೇ ಇಲ್ಲ. ಹೊಸದಾಗಿ ಕೆಲಸ ಬಿದ್ದ ಸ್ನಾಯು ನೀರು ಹಿಡಿದುಕೊಳ್ಳುತ್ತದೆ. ಆಗಲೇ ಬಿಟ್ಟುಬಿಡಬೇಕು ಅನ್ನಿಸಿತ್ತು. ಒಂದು ದಿನ ನೆಲದಿಂದ ಕುರ್ಚಿ ಹಿಡಿಯದೆ ಎದ್ದೆ. ಎದ್ದ ಮೇಲೆ ಗೊತ್ತಾಯಿತು, ಕೈ ಊರಿಲ್ಲ ಅಂತ. ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದೇನೆ.

ಇವತ್ತು ಆ ಹುಡುಗ ಆಚೆ ಹೋದ ಮೇಲೆ ನಾನು ಅವರ ಹತ್ತಿರ ಹೋದೆ. "ಅಕ್ಕಾ, ಇಳೀರಿ, ಒಂದು ನಿಮಿಷ ಬನ್ನಿ" ಅಂದೆ. ಏನಾದರೂ ತೊಂದರೆ ಇದೆಯಾ ಅಂತ ಕೇಳಿದೆ. ಡಾಕ್ಟರೇ ಕಳಿಸಿದ್ದು, ಎಲ್ಲ ಮಾಡಿ ಅಂದಿದ್ದಾರೆ ಅಂದರು. ಲೆಗ್ ಪ್ರೆಸ್ ಮೇಲೆ ಕೂರಿಸಿ, ಭಾರ ಕಡಿಮೆ ಇರಲಿ ಅಂತ ಪಿನ್ನನ್ನು ಮೇಲಿನಿಂದ ಎರಡನೇ ತೂತಿಗೆ ಹಾಕಿದೆ. ತಳ್ಳುವಾಗ ಉಸಿರು ಬಿಡಿ, ಮಂಡಿ ಪೂರ್ತಿ ಬಿಗಿ ಮಾಡಬೇಡಿ ಅಂದೆ. ಎಂಟು ಸಲ ತಳ್ಳಿದರು. ಕೊನೆಯದಕ್ಕೆ ತೊಡೆ ನಡುಗಿತು. ಅದರ ಮೇಲೆ ಕೈಯಿಟ್ಟು, ನಡುಕ ನಿಲ್ಲುವ ತನಕ ನೋಡುತ್ತಾ ಕೂತರು. ಆಮೇಲೆ ಬಾಗಿಲ ಕಡೆ ಒಂದು ಸಲ ನೋಡಿ, ಮೆಲ್ಲಗೆ ಕೇಳಿದರು.

"ಇನ್ನೊಂದ್ಸಲ ಮಾಡ್ಲಾ?"