ನೆಗಡಿ ಹಿಡಿದ ನಾಲ್ಕನೇ ತಂತಿ

ಆ ಭಾನುವಾರ ನನ್ನ ಬೇಸ್ ಗಿಟಾರ್ ಬೇಸಾಗಿರಲಿಲ್ಲ. ನಾಲ್ಕಕ್ಕೆ ನಾಲ್ಕೂ ಹೊಸ ತಂತಿ ಹಾಕಿ, ಒರೆಸಿ, ಶ್ರುತಿ ಮಾಡಿ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಜಿ, ಡಿ, ಎ ಮೂರೂ ಬೆರಳು ತಾಗಿದರೆ ಸಾಕು, ಗುಂಯ್ ಅಂತ ಎದೆಯೊಳಗೆ ಇಳಿಯುತ್ತಿದ್ದವು. ನಾಲ್ಕನೆಯದು, ಎಲ್ಲಕ್ಕಿಂತ ದಪ್ಪನೆಯ ಇ ತಂತಿ, ‘ದಬ್’ ಅಂದು ಸುಮ್ಮನಾಯಿತು. ಇನ್ನೊಮ್ಮೆ ಮೀಟಿದೆ. ಮತ್ತೆ ದಬ್. ಒದ್ದೆ ಹಾಸಿಗೆಯ ಮೇಲೆ ದಿಂಬು ಬಿದ್ದ ಹಾಗೆ.

ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆಯೇ ಹೇಳಿದಳು: ‘ಎಮ್ಮೆಗೆ ನೆಗಡಿ ಆಗಿದೆ.’

ಒಂದೇ ಮಾತಲ್ಲಿ ರೋಗ ಪತ್ತೆ ಮಾಡಿದ್ದಳು. ಆದರೆ ಮಕ್ಕಳ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ನಾನು ತಜ್ಞನ ಹಾಗೆ ಆಂಪ್ಲಿಫೈಯರ್ ಕಡೆ ಹೋದೆ. ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ‘ದಬ್’ ಇದ್ದದ್ದು ‘ಧಬ್’ ಆಯಿತು. ಅಲ್ಪಪ್ರಾಣ ಹೋಗಿ ಮಹಾಪ್ರಾಣ ಬಂತು, ಅಷ್ಟೇ.

ಆಗಲೇ ಇನ್ನೊಂದು ಶಬ್ದ ಕೇಳಿಸಿದ್ದು. ದಬ್ ಆದ ಮೇಲೆ ಎಲ್ಲೋ ಸಣ್ಣಗೆ ‘ಜರ್ರ್’. ಇಲ್ಲೇ ನೋಡಿ ನಾನು ದಾರಿ ತಪ್ಪಿದ್ದು. ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಅಷ್ಟು ತಗ್ಗಿನ ಸ್ವರಕ್ಕೆ ಕೋಣೆಯಲ್ಲಿ ಸಡಿಲವಾಗಿರುವ ಯಾವ ವಸ್ತು ಬೇಕಾದರೂ ತಾಳ ಹಾಕಬಹುದು. ಕಿಟಕಿಯ ಗಾಜಿಗೆ ಅಂಟುಪಟ್ಟಿ ಬಡಿದೆ. ಬೀರುವಿನ ಮೇಲಿದ್ದ ಸೂಟ್‌ಕೇಸ್ ಇಳಿಸಿದೆ. ಗೋಡೆಯ ಫೋಟೋ ತೆಗೆದೆ. ಮಂಚದ ಕೆಳಗೆ ತೆವಳಿ, ಎರಡು ವರ್ಷದಿಂದ ಕಳೆದುಹೋಗಿದ್ದ ಪೆನ್ನಿನ ಮುಚ್ಚಳ ಹಿಡಿದು ಹೊರಬಂದೆ. ಜರ್ರ್ ಹೋಗಲಿಲ್ಲ.

‘ನೀನು ನುಡಿಸೋದು ನಿಲ್ಲಿಸಿದಾಗ ನಿಲ್ಲುತ್ತೆ, ನಾನು ಗಮನಿಸಿದೀನಿ’ ಅಂದಳು ಹೆಂಡತಿ.

ಸಿಟ್ಟಿಗೆ ಗಿಟಾರನ್ನು ಹಾಸಿಗೆಯ ಮೇಲೆ ಮಲಗಿಸಿ ಮೀಟಿದೆ. ದಬ್ ಇತ್ತು, ಜರ್ರ್ ಇಲ್ಲ! ತೊಡೆಗೆ ತಂದುಕೊಂಡೆ, ಜರ್ರ್ ಬಂತು. ಮಲಗಿಸಿದರೆ ಇಲ್ಲ, ಎತ್ತಿಕೊಂಡರೆ ಉಂಟು, ಥೇಟ್ ಕೈಗೂಸಿನ ಹಾಗೆ. ಬಗ್ಗಿ ನೋಡಿದರೆ ನನ್ನ ಅಂಗಿಯ ಮೂರನೇ ಗುಂಡಿ, ದಾರ ಸಡಿಲವಾಗಿ, ಗಿಟಾರಿನ ಬೆನ್ನಿಗೆ ತಗುಲಿ ನಡುಗುತ್ತಿತ್ತು.

ಅಂಗಿ ಬಿಚ್ಚಿದೆ. ಜರ್ರ್ ಹೋಯಿತು, ದಬ್ ಉಳಿಯಿತು.

ಮನುಷ್ಯ ಬರಿಮೈಯಲ್ಲಿ ಕೂತಾಗ ಸ್ವಲ್ಪ ಜಾಸ್ತಿ ಧೈರ್ಯ ಬರುತ್ತದೋ ಏನೋ, ನಾನು ಆಲನ್ ಕೀ ಕೈಗೆತ್ತಿಕೊಂಡೆ. ಗಿಟಾರಿನ ಕುತ್ತಿಗೆಯ ಒಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇರುತ್ತದೆ. ನಾಲ್ಕು ತಂತಿ ಸೇರಿ 70 ಕಿಲೋಗಿಂತ ಜಾಸ್ತಿ ಬಲದಿಂದ ಕುತ್ತಿಗೆಯನ್ನು ಮುಂದಕ್ಕೆ ಎಳೆಯುತ್ತವೆ. ಇದು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಕುತ್ತಿಗೆಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟು. ತಿಳಿದವರು ಮೊದಲನೇ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ, ನಡುವೆ ತಂತಿಗೂ ಫ್ರೆಟ್ಟಿಗೂ ಕೂದಲೆಳೆಯಷ್ಟು ಸಂದು ಇದೆಯಾ ಅಂತ ನೋಡುತ್ತಾರೆ. ಬೇಕಾದರೆ ಕಾಲು ಸುತ್ತು ತಿರುಗಿಸಿ, ಕಾದು, ಮತ್ತೆ ನೋಡುತ್ತಾರೆ. ನಾನು ಸಂದು ನೋಡಲಿಲ್ಲ. ಅರ್ಧ ಸುತ್ತು ಬಿಗಿ ಮಾಡಿದೆ.

ಈಗ ನಾಲ್ಕೂ ತಂತಿ ಕೆಟ್ಟವು. ಕುತ್ತಿಗೆ ನೆಟ್ಟಗಾಗಿ, ಕೆಳಗಿನ ಫ್ರೆಟ್ಟುಗಳಲ್ಲಿ ಯಾವ ಸ್ವರ ಒತ್ತಿದರೂ ತಂತಿ ಮುಂದಿನ ಫ್ರೆಟ್ಟಿಗೆ ಬಡಿದು ಕಿರುಗುಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಜ್ವರವೂ ಎಮ್ಮೆಗೇ ಬಂದಿತ್ತು, ಬರೆ ಮಾತ್ರ ಇಡೀ ಕೊಟ್ಟಿಗೆಗೆ. ಅರ್ಧ ಸುತ್ತು ವಾಪಸ್ ತಿರುಗಿಸಿದೆ. ಹಳೆಯ ಜಾಗಕ್ಕೇ ಬಂತಾ? ಬಂತು ಅಂತ ನಂಬಿದ್ದೇನೆ.

ಮುಂದಿನ ಭಾನುವಾರ, ತಂತಿಯ ಅಲುಗಾಟವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ಪಿನ ಸರದಿ. ಅದರೊಳಗಿನ ಆಯಸ್ಕಾಂತ ತಂತಿಗೆ ಹತ್ತಿರ ಇದ್ದಷ್ಟೂ ಶಬ್ದ ಜೋರು, ಸರಿ ತಾನೇ? ಸ್ಕ್ರೂ ತಿರುಗಿಸಿ ಆದಷ್ಟೂ ಮೇಲೆ ಎತ್ತಿದೆ. ಜೋರೇನೋ ಬಂತು. ಜೊತೆಗೆ ತಂತಿಯನ್ನು ಆಯಸ್ಕಾಂತ ತನ್ನ ಕಡೆ ಎಳೆಯುತ್ತದೆ ಅನ್ನುವ ಜ್ಞಾನವೂ ಬಂತು. ಟ್ಯೂನರಿನ ಮುಳ್ಳು ಅತ್ತ ಇತ್ತ ತೂಗಾಡಿತು. ದಬ್ ಈಗ ‘ದವ್ವವ್’ ಆಯಿತು. ಎಮ್ಮೆಗೆ ನೆಗಡಿಯ ಮೇಲೆ ಚಳಿ. ಪಿಕಪ್ಪನ್ನು ಕೆಳಗಿಳಿಸಿ, ಕೊನೆಗೂ ಗೆಳೆಯನಿಗೆ ಫೋನ್ ಮಾಡಿದೆ.

ಅವನು ಗಿಟಾರ್ ರಿಪೇರಿ ಬಲ್ಲವನು. ಕಡಿಮೆ ಮಾತಿನವನು.

‘ಬರೀ ಓಪನ್ ತಂತಿನಾ, ಫ್ರೆಟ್ ಒತ್ತಿದಾಗಲೂನಾ?’

ಒತ್ತಿ ನೋಡಿದೆ. ಒತ್ತಿದಾಗಲೂ ದಬ್.

‘ಹಾಗಾದ್ರೆ ತಲೆ ಕಡೆ ತಂತಿ ಕೂರೋ ನಟ್ ಅಲ್ಲ. ಒಂದೇ ಫ್ರೆಟ್ಟಾ, ಎಲ್ಲಾ ಕಡೆನಾ?’

ಎಲ್ಲಾ ಕಡೆ.

‘ಹಾಗಾದ್ರೆ ಫ್ರೆಟ್ಟೂ ಅಲ್ಲ, ಕುತ್ತಿಗೆ ಮೇಲೆ ಸ್ವರ ಬೇಗ ಸಾಯೋ ಡೆಡ್ ಸ್ಪಾಟೂ ಅಲ್ಲ. ಬೇರೆ ಮೂರು ತಂತಿ ಚೆನ್ನಾಗಿದೆಯಾ?’

ಚೆನ್ನಾಗಿವೆ.

‘ಹಾಗಾದ್ರೆ ಆಂಪೂ ಅಲ್ಲ, ಕೇಬಲ್ಲೂ ಅಲ್ಲ, ಟ್ರಸ್ ರಾಡೂ ಅಲ್ಲ. ಅದನ್ನೇನೂ ಮುಟ್ಟಬೇಡ.’

‘ಛೆ ಛೆ, ಮುಟ್ಟಿಲ್ಲಪ್ಪ’ ಅಂದೆ. ಎರಡು ಭಾನುವಾರದ ಕೆಲಸವನ್ನು ಅವನು ಎರಡು ನಿಮಿಷದಲ್ಲಿ ಮುಗಿಸಿಬಿಟ್ಟಿದ್ದ.

ತಂತಿಯ ಕೆಳತುದಿಯನ್ನು ಹಿಡಿದಿರುವ ಬ್ರಿಡ್ಜಿನ ಹತ್ತಿರ ತಂತಿಯನ್ನು ಹೆಬ್ಬೆರಳಿಂದ ಒತ್ತು ಅಂದ. ಹೊಸ ದಪ್ಪ ತಂತಿ ಅಲ್ಲಿನ ಸ್ಯಾಡಲ್ ಅನ್ನುವ ಪುಟ್ಟ ಆಸರೆಯ ಮೇಲೆ ನೆಟ್ಟಗೆ ಮಡಿಯದೆ ಕಮಾನಿನ ಹಾಗೆ ಬಾಗಿ ಕೂರುತ್ತದಂತೆ. ಒತ್ತಿ ಕೂರಿಸಿದರೆ ಸ್ವರ ತಿಳಿಯಾಗುತ್ತದಂತೆ. ಒತ್ತಿದೆ. ನಟ್ಟಿನ ಬಳಿಯೂ ಒತ್ತಿದೆ. ಎಳ್ಳಷ್ಟು ಸುಧಾರಿಸಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಬಾರದ ಪ್ರಶ್ನೆ ಕೇಳಿದ.

‘ತಂತಿ ಉದ್ದ ಇತ್ತು ಅಂತ ಕತ್ತರಿಸಿದೆಯಲ್ಲ, ಕತ್ತರಿಸೋಕೆ ಮುಂಚೆ ಬಗ್ಗಿಸಿದ್ಯಾ?’

ನನಗೆ ಆ ದೃಶ್ಯ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಸ್ಕೇಲ್ ಇಟ್ಟು ಅಳೆದಿದ್ದೆ. ಒಂದು ಕಣ್ಣು ಮುಚ್ಚಿ ಗುರುತು ಮಾಡಿದ್ದೆ. ಕಟಕ್ ಅಂತ ಒಂದೇ ಏಟಿಗೆ ಕತ್ತರಿಸಿ, ನನ್ನ ಅಚ್ಚುಕಟ್ಟುತನಕ್ಕೆ ನಾನೇ ತಲೆದೂಗಿದ್ದೆ. ಉಳಿದ ಮೂರನ್ನು ಕತ್ತರಿಸುವ ಹೊತ್ತಿಗೆ ಸೋಮಾರಿತನ ಬಂದು, ಮೊದಲು ಗೂಟಕ್ಕೆ ಸುತ್ತಿ, ಮಿಕ್ಕ ತುದಿಯನ್ನು ಆಮೇಲೆ ಕತ್ತರಿಸಿದ್ದೆ. ಸೋಮಾರಿತನ ಮಾಡಿದ ಮೂರೂ ಬದುಕಿದವು.

ವಿಷಯ ಇಷ್ಟು. ಅಷ್ಟು ದಪ್ಪ ತಂತಿ ಒಂದೇ ಎಳೆಯಾದರೆ ಕಬ್ಬಿಣದ ಸರಳಿನ ಹಾಗೆ ಸೆಟೆದು ನಿಲ್ಲುತ್ತದೆ, ನುಡಿಯುವುದಿಲ್ಲ. ಅದಕ್ಕೆ ಒಳಗೊಂದು ತೆಳ್ಳನೆಯ ಉಕ್ಕಿನ ಎಳೆ ಇಟ್ಟು, ಅದರ ಮೇಲೆ ಇನ್ನೊಂದು ತಂತಿಯನ್ನು ಬಿಗಿಯಾಗಿ ಸುತ್ತಿರುತ್ತಾರೆ. ಭಾರ ಬರುತ್ತದೆ, ಬಾಗುವ ಗುಣವೂ ಉಳಿಯುತ್ತದೆ. ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಮುಂಚೆ ಮೂಲೆಯ ಹಾಗೆ ಬಗ್ಗಿಸಿಬಿಟ್ಟರೆ ಸುತ್ತು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನೆಟ್ಟಗಿದ್ದಾಗಲೇ ಕತ್ತರಿಸಿದರೆ, ಸೊಂಟದ ಲಾಡಿ ಬಿಚ್ಚಿದ ಹಾಗೆ, ಸುತ್ತು ಒಳಗಿನ ಎಳೆಯಿಂದ ಸಡಿಲವಾಗುತ್ತದೆ. ಆಮೇಲೆ ಮೇಲಿನ ಹರಿತವಾದ ಸ್ವರಗಳನ್ನೆಲ್ಲ ಆ ಸಡಿಲ ಸುತ್ತೇ ನುಂಗಿಹಾಕುತ್ತದೆ. ಬುಡದ 41 ನಮ್ಮ ಸಣ್ಣ ಆಂಪಿನಲ್ಲಿ ಸರಿಯಾಗಿ ಕೇಳುವುದೇ ಇಲ್ಲ. ಕಿವಿ ನಂಬಿಕೊಂಡಿರುವುದು ಅದೇ ತಂತಿಯಲ್ಲಿ ಜೊತೆಗೇ ಹುಟ್ಟುವ, ಅದರ ಎರಡರಷ್ಟು, ಮೂರರಷ್ಟಾದ 82, 123ರಂಥವನ್ನೇ. ಅವೂ ಸೊರಗಿದರೆ ಉಳಿಯುವುದು ದಬ್.

‘ಅದಕ್ಕೆ ಔಷಧಿ ಇಲ್ಲ, ಬಿಸಾಕು’ ಅಂದ ಗೆಳೆಯ. ‘ಹೊಸದು ತರೋವರೆಗೆ ಹಳೇ ತಂತಿನೇ ಕುದಿಸಿ ಹಾಕ್ಕೋ.’

ಹಳೇ ತಂತಿ ಕಸದ ಬುಟ್ಟಿಯಲ್ಲಿತ್ತು. ಅದನ್ನು ಹಲವಾರು ವರ್ಷ ಬದಲಾಯಿಸದೆ ಇಟ್ಟಿದ್ದೆ. ಕೇಳಿದವರಿಗೆಲ್ಲ, ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಬದಲಾಯಿಸುತ್ತಲೇ ಇರಲಿಲ್ಲ, ಗೊತ್ತಾ, ಅನ್ನುತ್ತಿದ್ದೆ. ಮಾತು ಹೆಚ್ಚುಕಡಿಮೆ ನಿಜವೇ. ಆದರೆ ಅವರದು ಮೇಲ್ಮೈ ನುಣುಪಾಗಿರುವ ಫ್ಲಾಟ್‌ವೂಂಡ್. ನನ್ನದು ಸುತ್ತು ಸುತ್ತಿನ ನಡುವೆ ಸಂದು ಇರುವ ರೌಂಡ್‌ವೂಂಡ್. ಆ ಸಂದುಗಳಲ್ಲಿ ನನ್ನ ಬೆರಳಿನ ಬೆವರು, ಎಣ್ಣೆ, ಕೊಳೆ ಎಲ್ಲ ಹೂತುಕೊಂಡಿತ್ತು. ಜೊತೆಗೆ, ಅವರು ಜೇಮರ್ಸನ್.

ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ತಂತಿಯನ್ನು ಸುರುಳಿ ಮಾಡಿ ಹತ್ತು ನಿಮಿಷ ಬಿಟ್ಟೆ. ನೀರು ಬೂದು ಬಣ್ಣಕ್ಕೆ ತಿರುಗಿತು. ಹೆಂಡತಿ ಬಂದು ಮುಚ್ಚಳ ತೆಗೆದು, ಒಂದು ಸಲ ತಂತಿಯನ್ನು, ಒಂದು ಸಲ ನನ್ನನ್ನು ನೋಡಿದಳು.

‘ಏನಿದು?’

ನಾನು ಬಾಯಿ ತೆರೆಯುವ ಮೊದಲೇ ಮಗಳು ಉತ್ತರ ಕೊಟ್ಟಳು: ‘ಎಮ್ಮೆಗೆ ಆವಿ ಹಿಡಿಸ್ತಿದ್ದಾರೆ.’

ಚೆನ್ನಾಗಿ ಒರೆಸಿ, ಒಣಗಿಸಿ, ಗೂಟಕ್ಕೆ ಸುತ್ತಿದೆ. ಮೀಟಿದೆ. ಗುಂಯ್! ಕಸದ ಬುಟ್ಟಿಯಿಂದ ಎದ್ದುಬಂದ ತಂತಿ ನೆಲದಡಿಯಿಂದ ಎದ್ದುಬಂದ ಹಾಗೆ ನುಡಿಯಿತು. ಇಡೀ ಸಂಜೆ ಅದೊಂದೇ ಸ್ವರ ಬಾರಿಸಿದೆ. ಆ ಪಾತ್ರೆಯನ್ನು ಹೆಂಡತಿ ಅವತ್ತೇ ಅಡುಗೆಮನೆಯಿಂದ ಗಡಿಪಾರು ಮಾಡಿದಳು. ಈಗ ಅದು ಆಂಪಿನ ಪಕ್ಕದಲ್ಲೇ ಇದೆ, ಇ ಬಾರಿಸಿದಾಗಲೆಲ್ಲ ಜರ್ರ್ ಅನ್ನುತ್ತದೆ.

ಕುದಿಸಿದ ತಂತಿಯ ಕಳೆ ಜಾಸ್ತಿ ದಿನ ಬಾಳುವುದಿಲ್ಲ ಅಂತ ಗೆಳೆಯ ಹೇಳಿದ್ದ. ನಾಲ್ಕನೇ ದಿನ ಸಂಜೆ ಗುಂಯ್ ಸ್ವಲ್ಪ ಮಂಕಾದ ಹಾಗೆ ಅನ್ನಿಸಿತು. ನನ್ನ ಭ್ರಮೆ ಇರಬೇಕು ಅಂದುಕೊಂಡು ಇನ್ನೊಮ್ಮೆ ಮೀಟಿದೆ. ಮಗಳು ಪುಸ್ತಕ ಮಡಚಿಟ್ಟು ಎದ್ದಳು. ಆಂಪಿನ ಪಕ್ಕದ ಪಾತ್ರೆ ಎತ್ತಿಕೊಂಡು, ಏನೂ ಮಾತಾಡದೆ, ನಲ್ಲಿಯ ಕಡೆ ನಡೆದಳು.