ಕವಡೆಯನ್ನೂ ಎಸೆದು ನೋಡಿ
ಸಂಭವನೀಯತೆ, ಅಂದರೆ ಯಾವುದಾದರೂ ನಡೆಯುವ ಸಾಧ್ಯತೆಯ ಲೆಕ್ಕ, ಕಲಿಸಲು ನಾಣ್ಯ, ದಾಳ ಸಾಕು ಅಂತ ನಿಮ್ಮ ಲೇಖನದಲ್ಲಿ ಅಂದಿದ್ದೀರಿ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಮನೆಪಾಠಕ್ಕೆ ಬರುವ ಮಕ್ಕಳಿಗೆ ನಾಣ್ಯ ಎರಡೇ ನಿಮಿಷಕ್ಕೆ ಬೇಜಾರು. ಹಾಗಾಗಿ ಊರಿಂದ ತಂದಿದ್ದ ಚೌಕಾಬಾರ ಆಟದ ಕವಡೆ ತೆಗೆದೆ. ಒಂದೊಂದು ಕವಡೆಗೂ ಎರಡು ಬದಿ, ಹಾಗಾಗಿ ನಾಲ್ಕು ಕವಡೆ ಬೀಳುವ ರೀತಿ ಒಟ್ಟು 16. ಎರಡು ಅಂಗಾತ ಬೀಳಲು 6 ದಾರಿ, ಚೌಕಕ್ಕೆ (ನಾಲ್ಕೂ ಅಂಗಾತ) ಒಂದೇ, ಬಾರಕ್ಕೂ (ನಾಲ್ಕೂ ಬೋರಲು) ಒಂದೇ. “ಅದಕ್ಕೇ ಬಾರ ಬಿದ್ರೆ ಅಜ್ಜಿ ಅಷ್ಟು ಕುಣಿಯೋದು!” ಅಂದಳು ಒಬ್ಬಳು. ಆದರೆ 100 ಸಲ ಎಸೆದು ಗೀಟು ಹಾಕಿದಾಗ ಲೆಕ್ಕ ತಾಳೆಯಾಗಲಿಲ್ಲ. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಎರಡೂ ಬದಿಗೆ ಸಮಪಾಲು ಎಲ್ಲಿಂದ ಬರಬೇಕು? ಪಠ್ಯದ ‘ಸಮಸಂಭವನೀಯ’ (ಎಲ್ಲಕ್ಕೂ ಸಮಾನ ಸಾಧ್ಯತೆ) ಅನ್ನುವ ಪದ ಅವರಿಗೆ ಅರ್ಥವಾಗಿದ್ದೇ ಆಗ. ಅಂದಹಾಗೆ, ಬೆಳಗಿನ ಲೋಕಲ್ ರೈಲಿನಲ್ಲಿ ಸೀಟು ಸಿಗುವ ಸಂಭವನೀಯತೆ ಎಷ್ಟು ಅಂತ ಕೇಳಿದರೆ “ಸೊನ್ನೆ ಸರ್” ಅಂತ ಎಲ್ಲರೂ ಒಟ್ಟಿಗೇ ಕೂಗಿದರು.